ಗರ್ಭಕೊರಳಿನ ಎಚ್.ಪಿ.ವಿ. ಸೋಂಕು ಹಾಗೂ ಕ್ಯಾನ್ಸರ್‌ಪೂರ್ವ ಬದಲಾವಣೆಗಳು: ಅಪಾಯದ ಅಂಶಗಳು ಮತ್ತು ತಪಾಸಣೆ ಪಡೆಯುವ ವಿಧಾನ

ಗರ್ಭಕೋಶದ ಕೆಳತುದಿಯಲ್ಲಿ ಯೋನಿಮಾರ್ಗಕ್ಕೆ ತೆರೆದುಕೊಳ್ಳುವ ಕಿರಿದಾದ ಭಾಗವನ್ನು ಗರ್ಭಕೊರಳು ಅಥವಾ ಗರ್ಭಕಂಠ ಎಂದು ಕರೆಯಲಾಗುತ್ತದೆ. ಈ ಭಾಗದಲ್ಲಿ ಉಂಟಾಗುವ ಕ್ಯಾನ್ಸರ್ ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ನಂತರ ಎರಡನೆಯ ಸ್ಥಾನದಲ್ಲಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2022ನೇ ಸಾಲಿನಲ್ಲಿ ದೇಶದ ಸುಮಾರು 1,27,000 ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗಿದ್ದು, ಸುಮಾರು 80,000 ಮಹಿಳೆಯರು ಇದರಿಂದ ಮೃತಪಟ್ಟಿರುತ್ತಾರೆ. ಕ್ಯಾನ್ಸರ್ ಆಗಿ ಮಾರ್ಪಡುವುದಕ್ಕೆ ಹಲವಾರು ವರ್ಷಗಳ ಮೊದಲೇ ಗುರುತಿಸಿ ಗುಣಪಡಿಸಬಹುದಾದ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದೂ ಒಂದಾಗಿರುವುದರಿಂದ, ಈ ಸಾವುಗಳ ಬಹುಭಾಗವು ತಪ್ಪಿಸಬಹುದಾದವುಗಳೇ ಆಗಿರುತ್ತವೆ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಗ್ರಾಮೀಣ ಮಹಿಳೆಯರನ್ನು, ಸರ್ವಜ್ಞನ ಹೆಸರಿನೊಂದಿಗೆ ಸೇರಿಕೊಂಡಿರುವ ಹಿರೇಕೆರೂರು ತಾಲ್ಲೂಕಿನ ಅಬಲೂರಿನಂತಹ ಊರುಗಳ ನಿವಾಸಿಗಳನ್ನು, ವಿಶೇಷವಾಗಿ ಗಮನದಲ್ಲಿರಿಸಿಕೊಂಡು ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಯಾವ ಮಹಿಳೆಯರಿಗೆ ಅಪಾಯ ಹೆಚ್ಚು, ಏಕೆ ಹೆಚ್ಚು, ತಪಾಸಣೆಯನ್ನು ಎಲ್ಲಿ ಮತ್ತು ಹೇಗೆ ಪಡೆಯಬೇಕು, ಫಲಿತಾಂಶದ ಅರ್ಥವೇನು ಎಂಬ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ.

ಎಚ್.ಪಿ.ವಿ. ಸೋಂಕು ಎಂದರೇನು?

ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬ ವೈರಾಣುವನ್ನು ಸಂಕ್ಷಿಪ್ತವಾಗಿ ಎಚ್.ಪಿ.ವಿ. ಎನ್ನಲಾಗುತ್ತದೆ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಬಗೆಗಳು ಕೈಕಾಲುಗಳ ಮೇಲೆ ನರುಳ್ಳೆಯನ್ನಷ್ಟೇ ಉಂಟುಮಾಡುತ್ತವೆ. ಸುಮಾರು 14 ಬಗೆಗಳು ಮಾತ್ರ ಕ್ಯಾನ್ಸರ್‌ಗೆ ದಾರಿ ಮಾಡಿಕೊಡಬಲ್ಲ ಅಧಿಕ ಅಪಾಯದ ಬಗೆಗಳಾಗಿದ್ದು, ಅವುಗಳಲ್ಲಿ 16 ಮತ್ತು 18ನೇ ಬಗೆಗಳೇ ಜಗತ್ತಿನ ಗರ್ಭಕೊರಳಿನ ಕ್ಯಾನ್ಸರ್ ಪ್ರಕರಣಗಳ ಪೈಕಿ ಶೇಕಡ 70ರಷ್ಟಕ್ಕೆ ಕಾರಣವಾಗಿವೆ. ಈ ವೈರಾಣುವಿಗೂ ಗರ್ಭಕೊರಳಿನ ಕ್ಯಾನ್ಸರ್‌ಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು.

ಸೋಂಕು ಮುಖ್ಯವಾಗಿ ಲೈಂಗಿಕ ಸಂಪರ್ಕದ ಮೂಲಕ, ಚರ್ಮದಿಂದ ಚರ್ಮಕ್ಕೆ ಹರಡುತ್ತದೆ. ದಾಂಪತ್ಯ ಜೀವನ ಆರಂಭಿಸಿದ ಸ್ತ್ರೀಪುರುಷರಲ್ಲಿ ಬಹುಪಾಲು ಜನರಿಗೆ ಜೀವಿತಾವಧಿಯಲ್ಲಿ ಒಮ್ಮೆಯಾದರೂ ಈ ಸೋಂಕು ತಗಲಿರುತ್ತದೆ. ಜ್ವರವಾಗಲಿ, ನೋವಾಗಲಿ ಇರುವುದಿಲ್ಲ. ಆದ್ದರಿಂದ ಸೋಂಕು ಯಾವ ವರ್ಷ, ಯಾರಿಂದ ಬಂದಿತು ಎಂಬುದನ್ನು ಯಾವ ಪರೀಕ್ಷೆಯಿಂದಲೂ ಹೇಳಲು ಸಾಧ್ಯವಿಲ್ಲ. ಈ ಅಂಶವನ್ನು ಮೊದಲೇ ಸ್ಪಷ್ಟಪಡಿಸುವುದು ಅವಶ್ಯಕ. ತಪಾಸಣೆಯಲ್ಲಿ ಎಚ್.ಪಿ.ವಿ. ಕಂಡುಬಂದ ಕಾರಣಕ್ಕೆ ಪತಿ ಪತ್ನಿಯನ್ನಾಗಲಿ, ಪತ್ನಿ ಪತಿಯನ್ನಾಗಲಿ ಶಂಕಿಸುವುದಕ್ಕೆ ಯಾವ ಆಧಾರವೂ ಇರುವುದಿಲ್ಲ.

ಹತ್ತು ಸೋಂಕುಗಳಲ್ಲಿ ಸುಮಾರು ಒಂಬತ್ತು ಸೋಂಕುಗಳು ಶರೀರದ ಸ್ವಂತ ರೋಗನಿರೋಧಕ ಶಕ್ತಿಯಿಂದಲೇ ಎರಡು ವರ್ಷಗಳೊಳಗೆ ಮಾಯವಾಗುತ್ತವೆ. ಅಧಿಕ ಅಪಾಯದ ಬಗೆಯ ಸೋಂಕು ಹೋಗದೆ ವರ್ಷಗಟ್ಟಲೆ ಉಳಿದುಕೊಂಡಾಗ ಮಾತ್ರ ಗರ್ಭಕೊರಳಿನ ಜೀವಕೋಶಗಳು ನಿಧಾನವಾಗಿ ಬದಲಾಗುತ್ತವೆ. ಇವುಗಳಿಗೆ ಕ್ಯಾನ್ಸರ್‌ಪೂರ್ವ ಬದಲಾವಣೆಗಳು ಎಂದು ಹೆಸರು. ವೈದ್ಯರ ವರದಿಗಳಲ್ಲಿ ಇವುಗಳನ್ನು ಸಿ.ಐ.ಎನ್. 1, 2 ಮತ್ತು 3 ಎಂದು ಬರೆಯಲಾಗಿರುತ್ತದೆ. ಮೊದಲನೆಯ ಹಂತವು ಬಹುತೇಕ ಮಹಿಳೆಯರಲ್ಲಿ ಚಿಕಿತ್ಸೆಯಿಲ್ಲದೆ ಸರಿಹೋಗುತ್ತದೆ. ಮೂರನೆಯ ಹಂತವನ್ನು ಹಾಗೆಯೇ ಬಿಟ್ಟಲ್ಲಿ 30 ವರ್ಷಗಳ ಅವಧಿಯಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಗುತ್ತದೆಂದು ನ್ಯೂಜಿಲೆಂಡ್‌ನಲ್ಲಿ ನಡೆದ ದೀರ್ಘ ಅಧ್ಯಯನವೊಂದರಿಂದ ತಿಳಿದುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಾಮಾನ್ಯ ರೋಗನಿರೋಧಕ ಶಕ್ತಿಯುಳ್ಳ ಮಹಿಳೆಯಲ್ಲಿ ಸೋಂಕಿನಿಂದ ಕ್ಯಾನ್ಸರ್‌ವರೆಗಿನ ಅವಧಿ 15ರಿಂದ 20 ವರ್ಷಗಳು. ಈ ದೀರ್ಘ ಅವಧಿಯೇ ತಪಾಸಣೆಗೆ ದೊರೆಯುವ ಕಾಲಾವಕಾಶವಾಗಿದೆ.

ಅಪಾಯವನ್ನು ಹೆಚ್ಚಿಸುವ ಅಂಶಗಳು

ಕೆಳಗೆ ವಿವರಿಸಿರುವ ಅಂಶಗಳು ಎರಡು ರೀತಿಯಲ್ಲಿ ಕೆಲಸ ಮಾಡುತ್ತವೆ. ಕೆಲವು ಅಂಶಗಳಿಂದ ಸೋಂಕು ತಗಲುವ ಸಂಭವ ಹೆಚ್ಚುತ್ತದೆ. ಇನ್ನು ಕೆಲವು, ತಗಲಿದ ಸೋಂಕು ಹೋಗದೆ ಉಳಿದುಕೊಳ್ಳಲು ಸಹಾಯ ಮಾಡುತ್ತವೆ. ಎರಡನೆಯವೇ ಹೆಚ್ಚು ಮುಖ್ಯ. ಯಾವ ಅಂಶವೂ ಇಲ್ಲದ ಮಹಿಳೆಗೂ ರೋಗ ಬರಬಹುದು. ಎಲ್ಲ ಅಂಶಗಳಿದ್ದರೂ ಬಾರದೇ ಇರಬಹುದು. ಇದನ್ನು ಯಾರದೇ ನಡತೆಯನ್ನು ಅಳೆಯುವ ಪಟ್ಟಿಯೆಂದು ಭಾವಿಸತಕ್ಕದ್ದಲ್ಲ.

ಎಳೆಯ ವಯಸ್ಸಿನ ವಿವಾಹ. ಈ ಭಾಗದ ಗ್ರಾಮಗಳ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಅಂಶವಿದು. ಹದಿಹರೆಯದಲ್ಲಿ ಗರ್ಭಕೊರಳಿನ ಹೊರ ಹಾಗೂ ಒಳಪದರಗಳು ಸೇರುವ ಜಾಗದ ಜೀವಕೋಶಗಳು ಇನ್ನೂ ಬದಲಾಗುತ್ತಿರುತ್ತವೆ. ಪರಿವರ್ತನಾ ವಲಯ ಎಂದು ಕರೆಯಲಾಗುವ ಈ ಜಾಗದಲ್ಲಿಯೇ ವೈರಾಣು ಸುಲಭವಾಗಿ ನೆಲೆಯೂರುತ್ತದೆ ಮತ್ತು ಕ್ಯಾನ್ಸರ್ ಕೂಡ ಬಹುತೇಕ ಇಲ್ಲಿಯೇ ಆರಂಭವಾಗುತ್ತದೆ. ಹಲವು ಅಭಿವೃದ್ಧಿಶೀಲ ರಾಷ್ಟ್ರಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 21 ವರ್ಷ ಅಥವಾ ನಂತರ ದಾಂಪತ್ಯ ಆರಂಭಿಸಿದವರಿಗೆ ಹೋಲಿಸಿದಲ್ಲಿ 16 ವರ್ಷದೊಳಗೆ ಆರಂಭಿಸಿದವರಲ್ಲಿ ಕ್ಯಾನ್ಸರ್ ಅಪಾಯವು ಎರಡು ಪಟ್ಟಿಗಿಂತ ಹೆಚ್ಚಾಗಿ ಕಂಡುಬಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇಕಡ 21.3ರಷ್ಟು ಮಂದಿಗೆ 18 ವರ್ಷ ತುಂಬುವ ಮೊದಲೇ ವಿವಾಹವಾಗಿತ್ತು. ಬಾಲ್ಯವಿವಾಹ ನಿಷೇಧ ಕಾಯ್ದೆ, 2006ಕ್ಕೆ ಕರ್ನಾಟಕವು 2016ರಲ್ಲಿ ತಂದ ತಿದ್ದುಪಡಿಯಂತೆ ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು. ಮಾಹಿತಿ ನೀಡಬಯಸುವವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಈಗಾಗಲೇ ಎಳೆಯ ವಯಸ್ಸಿನಲ್ಲಿ ಮದುವೆಯಾಗಿ ಇಂದು ಮೂವತ್ತು, ನಲವತ್ತು ವರ್ಷ ದಾಟಿರುವ ಮಹಿಳೆಯರಿಗೆ ಹೇಳಬೇಕಾದ ಮಾತು ಬೇರೆ. ಕಳೆದುದನ್ನು ಬದಲಿಸಲಾಗದು; ತಪಾಸಣೆಯನ್ನು ಮಾಡಿಸಿಕೊಳ್ಳಬಹುದು.

ಹೆರಿಗೆಗಳ ಸಂಖ್ಯೆ. ಎಚ್.ಪಿ.ವಿ. ಸೋಂಕಿರುವ ಮಹಿಳೆಯರ ಪೈಕಿ ಏಳು ಅಥವಾ ಅದಕ್ಕಿಂತ ಹೆಚ್ಚು ಪೂರ್ಣಾವಧಿ ಗರ್ಭ ಧರಿಸಿದವರಲ್ಲಿ, ಒಮ್ಮೆಯೂ ಹೆರದವರಿಗೆ ಹೋಲಿಸಿದಾಗ, ಅಪಾಯವು ಸುಮಾರು ನಾಲ್ಕು ಪಟ್ಟು ಇರುವುದಾಗಿ 2002ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವು ತಿಳಿಸಿದೆ. ಈಗಿನ ತಾಯಂದಿರಲ್ಲಿ ಇಷ್ಟು ಹೆರಿಗೆಗಳು ವಿರಳ. ಆದರೆ ಅವರ ಅತ್ತೆಯಂದಿರ, ತಾಯಂದಿರ ಪೀಳಿಗೆಯಲ್ಲಿ ವಿರಳವಾಗಿರಲಿಲ್ಲ, ಮತ್ತು ಆ ಪೀಳಿಗೆಯ ಅನೇಕರು ಇನ್ನೂ ತಪಾಸಣೆಯ ವಯೋಮಿತಿಯೊಳಗೆ ಇರುತ್ತಾರೆ. ಮನೆಯ ಸೊಸೆಯನ್ನು ತಪಾಸಣೆಗೆ ಕಳುಹಿಸುವ ಅತ್ತೆಯವರು ತಾವೂ ಜೊತೆಗೆ ಬಂದು ಮಾಡಿಸಿಕೊಳ್ಳುವುದು ಸೂಕ್ತ.

ಪತಿಯ ಕಡೆಯಿಂದ ಬರುವ ಅಪಾಯ. ಹೆಚ್ಚು ಸಂಗಾತಿಗಳಿದ್ದಷ್ಟೂ ಸೋಂಕು ತಗಲುವ ಸಂಭವ ಹೆಚ್ಚು ಎಂಬುದು ಸ್ತ್ರೀಪುರುಷರಿಬ್ಬರಿಗೂ ಅನ್ವಯಿಸುತ್ತದೆ. ಜೀವನದಲ್ಲಿ ಪತಿಯೊಬ್ಬರನ್ನೇ ಹೊಂದಿರುವ ಮಹಿಳೆಗೆ ಪತಿಯ ಹಿಂದಿನ ಅಥವಾ ಇಂದಿನ ಸಂಬಂಧಗಳ ಮೂಲಕ ಸೋಂಕು ತಲುಪಬಹುದು. ಆದ್ದರಿಂದ, ಒಬ್ಬರನ್ನೇ ನಂಬಿ ಬಾಳಿದವರಿಗೆ ಈ ತಪಾಸಣೆ ಏಕೆ ಎಂಬ ಪ್ರಶ್ನೆಗೆ ಉತ್ತರ ನೇರವಾಗಿದೆ: ಅಂತಹವರಿಗೂ ತಪಾಸಣೆ ಬೇಕು. ನಿರೋಧ್ ಬಳಕೆಯಿಂದ ಸೋಂಕಿನ ಸಂಭವ ಕಡಿಮೆಯಾಗುತ್ತದೆ, ಪೂರ್ಣವಾಗಿ ತಪ್ಪುವುದಿಲ್ಲ.

ಎಚ್.ಐ.ವಿ. ಮತ್ತು ಕುಗ್ಗಿದ ರೋಗನಿರೋಧಕ ಶಕ್ತಿ. ಎಚ್.ಐ.ವಿ. ಸೋಂಕಿನೊಂದಿಗೆ ಬದುಕುತ್ತಿರುವ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಸಂಭವವು ಇತರರಿಗಿಂತ ಆರು ಪಟ್ಟು ಅಧಿಕ. ಚಿಕಿತ್ಸೆಯಿಲ್ಲದಿದ್ದಲ್ಲಿ 15-20 ವರ್ಷಗಳ ಅವಧಿಯು 5ರಿಂದ 10 ವರ್ಷಗಳಿಗೆ ಇಳಿಯಬಹುದು. ಇಂತಹವರಿಗೆ 25ನೇ ವಯಸ್ಸಿನಿಂದಲೇ, ಮೂರರಿಂದ ಐದು ವರ್ಷಗಳಿಗೊಮ್ಮೆ ತಪಾಸಣೆ ನಡೆಸುವಂತೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಎ.ಆರ್.ಟಿ. ಕೇಂದ್ರಕ್ಕೆ ಮಾತ್ರೆ ಪಡೆಯಲು ಹೋಗುವ ಮಹಿಳೆಯರು ಅಲ್ಲಿಯೇ ಈ ಬಗ್ಗೆ ಕೇಳಿ ತಿಳಿದುಕೊಳ್ಳತಕ್ಕದ್ದು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಹಾಗೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ದೀರ್ಘಕಾಲ ಸೇವಿಸುತ್ತಿರುವವರೂ ಇದೇ ಎಚ್ಚರಿಕೆ ವಹಿಸಬೇಕು.

ತಂಬಾಕು. ಧೂಮಪಾನವು ಗರ್ಭಕೊರಳಿನ ಕ್ಯಾನ್ಸರ್‌ಗೆ ಸಹಕಾರಿ ಕಾರಣವೆಂದು ಖಚಿತಪಟ್ಟಿದೆ. ಈ ಭಾಗದ ಮಹಿಳೆಯರಲ್ಲಿ ಬೀಡಿ, ಸಿಗರೇಟು ಸೇದುವವರು ಕಡಿಮೆ. ಎಲೆಅಡಿಕೆಯೊಂದಿಗೆ ತಂಬಾಕು ಹಾಕುವವರು ಹೊಲದ ಕೆಲಸದ ನಡುವೆ ಸಾಕಷ್ಟು ಕಂಡುಬರುತ್ತಾರೆ. ಜಗಿಯುವ ತಂಬಾಕಿನ ಮತ್ತು ಗರ್ಭಕೊರಳಿನ ಸಂಬಂಧದ ಬಗ್ಗೆ ಪುರಾವೆ ಅಷ್ಟು ಬಲವಾಗಿಲ್ಲ. ಬಾಯಿ ಕ್ಯಾನ್ಸರ್ ಬಗ್ಗೆ ಮಾತ್ರ ಸಂದೇಹವೇ ಇಲ್ಲವಾದುದರಿಂದ ಬಿಡುವುದಕ್ಕೆ ಅದೊಂದೇ ಕಾರಣ ಸಾಕು. ತಂಬಾಕು ತ್ಯಜಿಸಲು ನೆರವು ನೀಡುವ ರಾಷ್ಟ್ರೀಯ ಉಚಿತ ದೂರವಾಣಿ ಸಂಖ್ಯೆ 1800 112 356.

ಗರ್ಭನಿರೋಧಕ ವಿಧಾನಗಳು. ನುಂಗುವ ಗರ್ಭನಿರೋಧಕ ಮಾತ್ರೆಗಳನ್ನು ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಸತತ ಬಳಸಿದವರಲ್ಲಿ ಅಪಾಯವು ಸುಮಾರು ಎರಡು ಪಟ್ಟಾಗುತ್ತದೆ. ನಿಲ್ಲಿಸಿದ ನಂತರ ಇಳಿಯುತ್ತಾ ಹೋಗಿ ಹತ್ತು ವರ್ಷಗಳಲ್ಲಿ ಬಳಸದವರ ಮಟ್ಟಕ್ಕೆ ಬರುತ್ತದೆ. ಈ ಕಾರಣಕ್ಕಾಗಿ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಸರಿಯಲ್ಲ. ಕಾಪರ್-ಟಿ ಅಳವಡಿಕೆಯಿಂದ ಈ ಕ್ಯಾನ್ಸರ್ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬಳಸಿದವರಲ್ಲಿ ಅಪಾಯ ಕಡಿಮೆಯಿರುವುದನ್ನೇ ಅಧ್ಯಯನಗಳು ತೋರಿಸಿವೆ.

ಇತರ ಲೈಂಗಿಕ ಸೋಂಕುಗಳು, ವಿಶೇಷವಾಗಿ ಕ್ಲಮೈಡಿಯಾ, ಎಚ್.ಪಿ.ವಿ. ಉಳಿದುಕೊಳ್ಳಲು ಅನುಕೂಲ ಮಾಡಿಕೊಡುತ್ತವೆಂದು ತಿಳಿದುಬಂದಿದೆ. ವಾಸನೆಯುಕ್ತ ಬಿಳಿಸೆರಗು, ತುರಿಕೆ, ಕೆಳಹೊಟ್ಟೆ ನೋವು ಇದ್ದಲ್ಲಿ ಚಿಕಿತ್ಸೆ ಪಡೆಯತಕ್ಕದ್ದು. ಮುಟ್ಟಿನ ಸಮಯದಲ್ಲಿ ಬಟ್ಟೆ ಬಳಸುವುದು, ಒಂದೇ ಶೌಚಾಲಯ ಅಥವಾ ಕೆರೆಯ ನೀರಿನ ಬಳಕೆ, ಕ್ಯಾನ್ಸರ್ ರೋಗಿಯೊಂದಿಗೆ ಒಂದೇ ತಟ್ಟೆಯಲ್ಲಿ ಊಟ ಮಾಡುವುದು ಮುಂತಾದವುಗಳಿಂದ ಈ ರೋಗ ಬರುವುದಿಲ್ಲ. ಇದು ಶಾಪವೂ ಅಲ್ಲ; ತಾಯಿಗಿದ್ದರೆ ಮಗಳಿಗೆ ಬಂದೇ ಬರುವ ರೋಗವೂ ಅಲ್ಲ.

ತಪಾಸಣೆ ಇಲ್ಲದಿರುವುದೇ ಅತಿ ದೊಡ್ಡ ಅಪಾಯ

ಮೇಲ್ಕಂಡ ಎಲ್ಲ ಅಂಶಗಳಿಗಿಂತ ಹೆಚ್ಚಿನ ತೂಕವುಳ್ಳದ್ದು ಒಮ್ಮೆಯೂ ತಪಾಸಣೆ ಮಾಡಿಸದಿರುವುದು. 2019-21ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಇಬ್ಬರಿಗಿಂತ ಕಡಿಮೆ ಮಂದಿ ಮಾತ್ರ ಜೀವನದಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆಗೆ ಒಳಗಾಗಿದ್ದರು.

ಇದಕ್ಕೆ ಗ್ರಾಮೀಣ ಮಹಿಳೆಯ ಆಸ್ಪತ್ರೆ ಭೇಟಿಯ ಕ್ರಮವೂ ಒಂದು ಕಾರಣವಾಗಿದೆ. ಉದಾಹರಣೆಗೆ, ಅಬಲೂರಿನಂತಹ ಗ್ರಾಮದಲ್ಲಿ 18ನೇ ವಯಸ್ಸಿಗೆ ವಿವಾಹವಾಗಿ, ಎರಡು ಹೆರಿಗೆಗಳ ನಂತರ 25ನೇ ವಯಸ್ಸಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಅದುವರೆಗೆ ತಾಯಿ ಕಾರ್ಡ್ ಹಿಡಿದು ಪ್ರತಿ ತಿಂಗಳು ಆರೋಗ್ಯ ಕೇಂದ್ರಕ್ಕೆ ಬರುತ್ತಿದ್ದವರು ಶಸ್ತ್ರಚಿಕಿತ್ಸೆಯ ನಂತರ ತಮಗಾಗಿ ಬರುವುದನ್ನು ನಿಲ್ಲಿಸುತ್ತಾರೆ. ಮಕ್ಕಳ ಲಸಿಕೆಗೆ, ಅತ್ತೆಮಾವಂದಿರ ಬಿ.ಪಿ. ಮಾತ್ರೆಗೆ ಬರುತ್ತಾರೆ. 20ನೇ ವಯಸ್ಸಿನಲ್ಲಿ ತಗಲಿದ ಸೋಂಕೊಂದು ಉಳಿದುಕೊಂಡಿದ್ದಲ್ಲಿ 35ರಿಂದ 40ರ ನಡುವೆ ಅದು ಅಪಾಯಕಾರಿ ಹಂತ ತಲುಪುತ್ತದೆ. ಅಂದರೆ ಆಸ್ಪತ್ರೆಯ ನಂಟು ಕಡಿದುಹೋದ ಹತ್ತು ಹದಿನೈದು ವರ್ಷಗಳೇ ಬದಲಾವಣೆಗಳು ಬೆಳೆಯುವ ವರ್ಷಗಳಾಗಿರುತ್ತವೆ. ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ಅವಲಂಬಿಸಿರುವುದರಿಂದ ಈ ಮಾತು ಬಹುಸಂಖ್ಯಾತರಿಗೆ ಅನ್ವಯಿಸುತ್ತದೆ. "ಆಪರೇಷನ್ ಆಗಿದೆ, ಇನ್ನೇನೂ ತೊಂದರೆಯಿಲ್ಲ" ಎಂಬ ತಿಳಿವಳಿಕೆ ತಪ್ಪು. ಆ ಶಸ್ತ್ರಚಿಕಿತ್ಸೆಯಲ್ಲಿ ನಾಳಗಳನ್ನು ಮಾತ್ರ ಕಟ್ಟಲಾಗಿರುತ್ತದೆ. ಗರ್ಭಕೊರಳು ಮೊದಲಿನಂತೆಯೇ ಇರುತ್ತದೆ.

ತಪಾಸಣೆಯಿಂದ ಪ್ರಾಣ ಉಳಿಯುತ್ತದೆ ಎಂಬುದಕ್ಕೆ ದೂರದ ದೇಶಗಳ ಪುರಾವೆ ಹುಡುಕಬೇಕಾಗಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ಅಲ್ಲಿನ ಕೊಳೆಗೇರಿಗಳ ಸುಮಾರು 1,50,000 ಮಹಿಳೆಯರನ್ನು ಒಳಗೊಂಡು ನಡೆಸಿದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ವಿ.ಐ.ಎ. ಎಂಬ ಸರಳ ಪರೀಕ್ಷೆ ನಡೆಸಿದ ಪ್ರದೇಶಗಳಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಸಾವುಗಳು ಶೇಕಡ 31ರಷ್ಟು ಇಳಿದವು. ಫಲಿತಾಂಶವು 2014ರಲ್ಲಿ ಪ್ರಕಟವಾಯಿತು. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಸುಮಾರು 1,30,000 ಮಹಿಳೆಯರ ನಡುವೆ ನಡೆದು 2009ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಒಂದೇ ಒಂದು ಬಾರಿ ಎಚ್.ಪಿ.ವಿ. ಪರೀಕ್ಷೆ ನಡೆಸಿದ ಗುಂಪಿನಲ್ಲಿ ಎಂಟು ವರ್ಷಗಳ ಅವಧಿಯ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಅದೇ ಅಧ್ಯಯನದಲ್ಲಿ ಒಂದೇ ಬಾರಿ ಮಾಡಿದ ವಿ.ಐ.ಎ. ಪರೀಕ್ಷೆಯಿಂದ ಗಣನೀಯ ಇಳಿಕೆ ಕಂಡುಬರಲಿಲ್ಲ ಎಂಬುದನ್ನೂ ತಿಳಿಸಬೇಕಾಗುತ್ತದೆ. ವಿ.ಐ.ಎ. ಪರೀಕ್ಷೆಯನ್ನು ಒಮ್ಮೆ ಮಾಡಿಸಿ ಮರೆಯದೆ, ನಿಗದಿತ ಅವಧಿಗೆ ಪುನಃ ಮಾಡಿಸಬೇಕೆಂದು ಒತ್ತಾಯಿಸುವುದು ಇದೇ ಕಾರಣಕ್ಕೆ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1982ರಿಂದ ನಿರ್ವಹಿಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಪ್ರಮಾಣವು ಕಳೆದ ದಶಕಗಳಲ್ಲಿ ಇಳಿಯುತ್ತಾ ಬಂದು, ನಗರದಲ್ಲಿ ಸ್ತನ ಕ್ಯಾನ್ಸರ್ ಮೊದಲ ಸ್ಥಾನಕ್ಕೆ ಬಂದಿದೆ. ವ್ಯಾಪಕ ತಪಾಸಣೆ ಇಲ್ಲದೆಯೇ ಈ ಇಳಿಕೆಯಾಗಿರುವುದಕ್ಕೆ ತಡವಾದ ವಿವಾಹ, ಕಡಿಮೆ ಹೆರಿಗೆ ಮತ್ತು ಹೆಣ್ಣುಮಕ್ಕಳ ಶಿಕ್ಷಣ ಕಾರಣಗಳೆಂದು ತಜ್ಞರು ಅಭಿಪ್ರಾಯಪಡುತ್ತಾರೆ. ಗ್ರಾಮಗಳಲ್ಲಿ ಈ ಬದಲಾವಣೆ ನಿಧಾನವಾಗಿರುವುದರಿಂದ ಅಲ್ಲಿ ತಪಾಸಣೆಯ ಅಗತ್ಯ ಹೆಚ್ಚು.

ತಪಾಸಣೆ ನಡೆಸುವ ವಿಧಾನ

ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30ರಿಂದ 65 ವರ್ಷದ ಎಲ್ಲ ಮಹಿಳೆಯರು ಐದು ವರ್ಷಗಳಿಗೊಮ್ಮೆ ವಿ.ಐ.ಎ. ತಪಾಸಣೆಗೆ ಅರ್ಹರಾಗಿರುತ್ತಾರೆ. ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲವನ್ನು ಸವರಿ ಒಂದು ನಿಮಿಷ ಕಾದು ಬೆಳಕಿನಲ್ಲಿ ನೋಡಲಾಗುತ್ತದೆ. ಇದು ಅಡುಗೆಯಲ್ಲಿ ಬಳಸುವ ವಿನಿಗರ್‌ನಲ್ಲಿರುವ ಆಮ್ಲವೇ ಆಗಿದ್ದು, ಬದಲಾದ ಜೀವಕೋಶಗಳಿರುವ ಜಾಗ ಬೆಳ್ಳಗೆ ಕಾಣುತ್ತದೆ. ಚುಚ್ಚುಮದ್ದು, ಕೊಯ್ತ, ಅರಿವಳಿಕೆ ಯಾವುದೂ ಇಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿದು, ಫಲಿತಾಂಶವೂ ಆಗಲೇ ತಿಳಿಯುತ್ತದೆ. ಸ್ವಲ್ಪ ಉರಿ ಅಥವಾ ಮುಜುಗರ ಆಗಬಹುದು. ಮುಟ್ಟಿನ ದಿನಗಳಲ್ಲಿ ಹಾಗೂ ಗರ್ಭಿಣಿಯರಿಗೆ ಈ ಪರೀಕ್ಷೆ ನಡೆಸುವುದಿಲ್ಲ. ಮುಟ್ಟು ನಿಂತ ಹಿರಿಯ ಮಹಿಳೆಯರಲ್ಲಿ ಪರಿವರ್ತನಾ ವಲಯವು ಒಳಗೆ ಸರಿದಿರುವುದರಿಂದ ವಿ.ಐ.ಎ. ಅಷ್ಟು ನಂಬಲರ್ಹವಲ್ಲ, ಅಂತಹವರಿಗೆ ಪ್ಯಾಪ್ ಸ್ಮಿಯರ್ ಅಥವಾ ಎಚ್.ಪಿ.ವಿ. ಪರೀಕ್ಷೆಯನ್ನು ವೈದ್ಯರು ಸೂಚಿಸಬಹುದು.

ಮುಜುಗರವೇ ಅನೇಕರನ್ನು ತಡೆಯುತ್ತಿದೆ ಎಂಬುದು ಆರೋಗ್ಯ ಕಾರ್ಯಕರ್ತೆಯರೆಲ್ಲರೂ ಬಲ್ಲ ಸಂಗತಿ. ಪರೀಕ್ಷೆಯನ್ನು ಮಹಿಳಾ ಸಿಬ್ಬಂದಿಯಿಂದ ಅಥವಾ ಮಹಿಳಾ ಸಿಬ್ಬಂದಿಯ ಉಪಸ್ಥಿತಿಯಲ್ಲಿ, ಪರದೆಯ ಮರೆಯಲ್ಲಿ ನಡೆಸುವಂತೆ ಕೋರಬಹುದು. ವಯಸ್ಕ ಮಹಿಳೆಯ ಸ್ವಂತ ಒಪ್ಪಿಗೆಯೇ ಸಾಕು. ಪತಿಯ ಅಥವಾ ಮನೆಯ ಹಿರಿಯರ ಸಹಿ ಬೇಕಾಗಿಲ್ಲ.

ಫಲಿತಾಂಶ "ಪಾಸಿಟಿವ್" ಎಂದು ಬಂದಲ್ಲಿ

ಪಾಸಿಟಿವ್ ಎಂದರೆ ಕ್ಯಾನ್ಸರ್ ಎಂದು ಅರ್ಥವಲ್ಲ. ವಿ.ಐ.ಎ.ಯಲ್ಲಿ ಬಿಳಿ ಕಲೆ ಕಂಡ ಮಹಿಳೆಯರ ಪೈಕಿ ಅನೇಕರಿಗೆ ಉರಿಯೂತವಷ್ಟೇ ಇರುತ್ತದೆ. ಎಚ್.ಪಿ.ವಿ. ಪರೀಕ್ಷೆ ಪಾಸಿಟಿವ್ ಆದವರಲ್ಲಿಯೂ ಬಹುತೇಕರಿಗೆ ಕ್ಯಾನ್ಸರ್‌ಪೂರ್ವ ಬದಲಾವಣೆ ಇರುವುದಿಲ್ಲ. ಇಂತಹವರನ್ನು ಸ್ತ್ರೀರೋಗ ತಜ್ಞರ ಬಳಿಗೆ ಶಿಫಾರಸು ಮಾಡಿ, ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಕಾಲ್ಪೋಸ್ಕೋಪಿ ಉಪಕರಣದಿಂದ ನೋಡಿ, ಅಗತ್ಯವೆನಿಸಿದಲ್ಲಿ ಅಕ್ಕಿಕಾಳಿನಷ್ಟು ತುಣುಕು ತೆಗೆದು ಬಯಾಪ್ಸಿ ಪರೀಕ್ಷೆಗೆ ಕಳುಹಿಸಲಾಗುತ್ತದೆ. ಬದಲಾವಣೆ ಖಚಿತವಾದಲ್ಲಿ ಆ ಭಾಗವನ್ನು ಮಾತ್ರ ಶೈತ್ಯದಿಂದ (ಕ್ರಯೋಥೆರಪಿ) ಅಥವಾ ಉಷ್ಣದಿಂದ ನಾಶಪಡಿಸಲಾಗುತ್ತದೆ, ಇಲ್ಲವೇ ವಿದ್ಯುತ್ ತಂತಿಯ ಕುಣಿಕೆಯಿಂದ ತೆಗೆಯಲಾಗುತ್ತದೆ. ಇವು ಸಾಮಾನ್ಯವಾಗಿ ಅದೇ ದಿನ ಮನೆಗೆ ಹಿಂದಿರುಗಬಹುದಾದ ಚಿಕಿತ್ಸೆಗಳು.

ಗರ್ಭಕೋಶ ತೆಗೆಸುವ ಮುನ್ನ. ಬಿಳಿಸೆರಗು, ಸೊಂಟನೋವು ಅಥವಾ ಅತಿಯಾದ ಮುಟ್ಟಿನ ದೂರಿನೊಂದಿಗೆ ಆಸ್ಪತ್ರೆಗೆ ಹೋದ ಮಹಿಳೆಯರಿಗೆ "ಮುಂದೆ ಕ್ಯಾನ್ಸರ್ ಆಗುತ್ತದೆ" ಎಂಬ ಭಯ ಹುಟ್ಟಿಸಿ ಗರ್ಭಕೋಶ ತೆಗೆಯಲಾಗಿದೆಯೆಂಬ ದೂರುಗಳು ರಾಜ್ಯದಲ್ಲಿ ಹಿಂದೆ ಕೇಳಿಬಂದಿವೆ. 2010ರ ದಶಕದಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಹಾಗೂ ಹಾವೇರಿ ಜಿಲ್ಲೆಯದೇ ಆದ ರಾಣೆಬೆನ್ನೂರು ಭಾಗದಲ್ಲಿ ನಡೆದ ಇಂತಹ ಶಸ್ತ್ರಚಿಕಿತ್ಸೆಗಳ ವಿರುದ್ಧ ತಾಂಡಾಗಳ ಮಹಿಳೆಯರು ಸೇರಿದಂತೆ ಬಾಧಿತರು ಹೋರಾಟ ನಡೆಸಿರುತ್ತಾರೆ. ದೇಶದ ಇತರ ರಾಜ್ಯಗಳಿಂದಲೂ ಬಂದ ದೂರುಗಳ ಹಿನ್ನೆಲೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ಹೊರಡಿಸಿದ್ದು, ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು.

ಬಿಳಿಸೆರಗು ಮಾತ್ರ ಇರುವುದು ಗರ್ಭಕೋಶ ತೆಗೆಸುವುದಕ್ಕೆ ಕಾರಣವಲ್ಲ. ವಿ.ಐ.ಎ. ಅಥವಾ ಎಚ್.ಪಿ.ವಿ. ಪಾಸಿಟಿವ್ ಆಗಿರುವುದೂ ಕಾರಣವಲ್ಲ. ಕ್ಯಾನ್ಸರ್ ಭಯವನ್ನು ಮುಂದಿಟ್ಟು ಶಸ್ತ್ರಚಿಕಿತ್ಸೆಗೆ ಸೂಚಿಸಿದಲ್ಲಿ ಬಯಾಪ್ಸಿ ವರದಿಯನ್ನು ಲಿಖಿತವಾಗಿ ಕೇಳುವ, ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವ ಹಕ್ಕು ಪ್ರತಿಯೊಬ್ಬ ಮಹಿಳೆಗೂ ಇದೆ. ಇದಕ್ಕೆ ಕೆಲವು ದಿನಗಳ ವಿಳಂಬವಾದರೂ, ಕ್ಯಾನ್ಸರ್‌ಪೂರ್ವ ಬದಲಾವಣೆಗಳು ವರ್ಷಗಳ ಲೆಕ್ಕದಲ್ಲಿ ಬೆಳೆಯುವಂಥವಾದುದರಿಂದ ಹಾನಿಯಾಗುವುದಿಲ್ಲ.

ಆದರೆ ಕೆಳಕಂಡ ಲಕ್ಷಣಗಳಿದ್ದಲ್ಲಿ ವಯಸ್ಸು ಎಷ್ಟೇ ಇದ್ದರೂ, ಹಿಂದಿನ ತಪಾಸಣೆ ಸರಿಯಿದ್ದರೂ, ವಿಳಂಬ ಮಾಡದೆ ವೈದ್ಯರನ್ನು ಕಾಣತಕ್ಕದ್ದು: ದೈಹಿಕ ಸಂಪರ್ಕದ ನಂತರ ರಕ್ತಸ್ರಾವ, ಎರಡು ಮುಟ್ಟುಗಳ ನಡುವೆ ರಕ್ತ ಕಾಣುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವವಾಗುವುದು, ದುರ್ವಾಸನೆಯ ಅಥವಾ ರಕ್ತಮಿಶ್ರಿತ ಸ್ರಾವ. ಮುಟ್ಟು ನಿಂತು ವರ್ಷಗಳ ನಂತರ ರಕ್ತ ಕಂಡಾಗ "ಮತ್ತೆ ಮುಟ್ಟು ಬಂದಿದೆ" ಎಂದು ಸುಮ್ಮನಿರುವುದು ಅತ್ಯಂತ ಅಪಾಯಕಾರಿ.

ಲಸಿಕೆ

ಎಚ್.ಪಿ.ವಿ. ಲಸಿಕೆಯು ಸೋಂಕು ತಗಲುವ ಮೊದಲು, 9ರಿಂದ 14ನೇ ವಯಸ್ಸಿನೊಳಗೆ ನೀಡಿದಾಗ ಅತ್ಯಂತ ಪರಿಣಾಮಕಾರಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ದೇಶೀಯ ಲಸಿಕೆ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ದೊರೆತಿದ್ದು, 6, 11, 16 ಮತ್ತು 18ನೇ ಬಗೆಗಳ ವಿರುದ್ಧ ಅದು ರಕ್ಷಣೆ ನೀಡುತ್ತದೆ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಒಂದು ಅಥವಾ ಎರಡು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರ ಡಿಸೆಂಬರ್‌ನಲ್ಲಿ ತಿಳಿಸಿದೆ. ಒಂದೇ ಡೋಸ್ ಹತ್ತು ವರ್ಷಗಳವರೆಗೆ ರಕ್ಷಣೆ ನೀಡಿದುದು ಭಾರತದಲ್ಲಿಯೇ ನಡೆದ ಅಧ್ಯಯನದಿಂದ ತಿಳಿದುಬಂದ ಸಂಗತಿ. ಲಸಿಕೆಯಿಂದ ಮಕ್ಕಳಾಗುವುದಿಲ್ಲ ಎಂಬ ವದಂತಿ ಸುಳ್ಳು. ಉಚಿತ ಲಸಿಕೆಯ ವಯೋಮಿತಿ ಮತ್ತು ದಿನಾಂಕಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಲಸಿಕೆಯು ಈಗಾಗಲೇ ಇರುವ ಸೋಂಕನ್ನು ಗುಣಪಡಿಸುವುದಿಲ್ಲ. ಲಸಿಕೆ ಪಡೆದವರೂ 30 ವರ್ಷದ ನಂತರ ತಪಾಸಣೆ ಮಾಡಿಸಬೇಕು.

ಸೇವೆ ಪಡೆಯುವ ಬಗೆ

ತಪಾಸಣೆಗೆ ಯಾವುದೇ ಮುದ್ರಿತ ಅರ್ಜಿ ಸಲ್ಲಿಸಬೇಕಾಗಿಲ್ಲ. ಗ್ರಾಮದ ಆಶಾ ಕಾರ್ಯಕರ್ತೆಯರು 30 ವರ್ಷ ಮೀರಿದ ಪ್ರತಿಯೊಬ್ಬರ ಬಗ್ಗೆ ಸಮುದಾಯ ಆಧಾರಿತ ಮೌಲ್ಯಮಾಪನ ನಮೂನೆಯನ್ನು ಮನೆಯಲ್ಲಿಯೇ ಭರ್ತಿ ಮಾಡುತ್ತಾರೆ. ತಂಬಾಕು ಬಳಕೆ, ಮುಟ್ಟಿನ ನಡುವಿನ ರಕ್ತಸ್ರಾವ ಮುಂತಾದ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರಿಸಬೇಕು. ನಮೂನೆಯಲ್ಲಿ ಬರುವ ಅಂಕ ಎಷ್ಟೇ ಇರಲಿ, ತಪಾಸಣೆಗೆ ಎಲ್ಲರೂ ಅರ್ಹರು. ನಂತರ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಗದಿಪಡಿಸಿದ ದಿನದಂದು ಹಾಜರಾಗಬೇಕು. ಪರೀಕ್ಷೆ ನಡೆಸುವ ಸಿಬ್ಬಂದಿ ಯಾವ ದಿನ ಲಭ್ಯರಿರುತ್ತಾರೆಂದು ಮೊದಲೇ ಕೇಳಿ ತಿಳಿದುಕೊಂಡಲ್ಲಿ ಒಂದು ದಿನದ ಕೂಲಿ ವ್ಯರ್ಥವಾಗುವುದು ತಪ್ಪುತ್ತದೆ. ಮುಂಗಾರು ಬಿತ್ತನೆ ಮತ್ತು ಗೋವಿನಜೋಳದ ಕಟಾವಿನ ಅವಧಿಯಲ್ಲಿ ಬರುವುದು ಕಷ್ಟವಾದುದರಿಂದ ಸ್ವಸಹಾಯ ಸಂಘಗಳ ಸದಸ್ಯೆಯರು ಬಿಡುವಿನ ತಿಂಗಳಿನಲ್ಲಿ ಗುಂಪಾಗಿ ದಿನ ಗೊತ್ತುಪಡಿಸಿಕೊಳ್ಳುವುದು ಅನುಕೂಲ. ಹೋಗುವಾಗ ಆಧಾರ್ ಕಾರ್ಡ್ ಅಥವಾ ಇತರ ಗುರುತಿನ ಚೀಟಿ, ಪಡಿತರ ಚೀಟಿ, ಹಿಂದಿನ ತಪಾಸಣೆಯ ಚೀಟಿ ಇದ್ದಲ್ಲಿ ಅದನ್ನು ತೆಗೆದುಕೊಂಡು ಹೋಗಬೇಕು.

ಹೆಚ್ಚಿನ ಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆ ಅಥವಾ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪತ್ರ ನೀಡಲಾಗುತ್ತದೆ. ಕ್ಯಾನ್ಸರ್ ದೃಢಪಟ್ಟಲ್ಲಿ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಆಸ್ಪತ್ರೆ, ಕಿಮ್ಸ್ ಎಂದೇ ಪರಿಚಿತವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಾಗೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳು ಈ ಭಾಗದ ರೋಗಿಗಳು ಸಾಮಾನ್ಯವಾಗಿ ಹೋಗುವ ಕೇಂದ್ರಗಳಾಗಿವೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ನೆರವು ಲಭ್ಯವಿದ್ದು, ಎ.ಪಿ.ಎಲ್. ಕುಟುಂಬಗಳಿಗೆ ನಿಗದಿತ ದರದ ಶೇಕಡ 30ರಷ್ಟನ್ನು ಭರಿಸಲಾಗುತ್ತದೆ. ತುರ್ತು ಪ್ರಕರಣಗಳನ್ನು ಹೊರತುಪಡಿಸಿ, ಖಾಸಗಿ ಆಸ್ಪತ್ರೆಯಲ್ಲಿ ಈ ನೆರವು ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯಕ. ಪತ್ರವಿಲ್ಲದೆ ನೇರವಾಗಿ ದಾಖಲಾಗಿ, ಹಣ ಕಟ್ಟಿದ ನಂತರ ಮರುಪಾವತಿಗಾಗಿ ಅಲೆಯುವ ಪರಿಸ್ಥಿತಿಯನ್ನು ತಂದುಕೊಳ್ಳಬಾರದು.

ತಪಾಸಣೆಯ ಫಲಿತಾಂಶವನ್ನು ದಿನಾಂಕ ಸಹಿತ ಚೀಟಿಯಲ್ಲಿ ಬರೆಸಿಕೊಂಡು, ಮುಂದಿನ ತಪಾಸಣೆಯ ವರ್ಷವನ್ನೂ ಅದರಲ್ಲಿಯೇ ನಮೂದಿಸಿಕೊಳ್ಳತಕ್ಕದ್ದು. ತಾಯಿ ಕಾರ್ಡ್ ಇಟ್ಟಿದ್ದ ಪೆಟ್ಟಿಗೆಯಲ್ಲಿಯೇ ಈ ಚೀಟಿಯನ್ನೂ ಇಡಬಹುದು. ಪಾಸಿಟಿವ್ ಎಂದು ತಿಳಿಸಲ್ಪಟ್ಟು ಶಿಫಾರಸು ಪತ್ರ ಪಡೆದವರು ಒಂದು ತಿಂಗಳೊಳಗೆ ತಜ್ಞರನ್ನು ಕಾಣಲು ಸಾಧ್ಯವಾಗದಿದ್ದಲ್ಲಿ, ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ವಿಷಯ ತಿಳಿಸಬೇಕು.